ಕಂಪ್ಯೂಟರ್ ಹೊಲಿಗೆ ಯಂತ್ರ: ಹೊಲಿಗೆಗಳ ಎಣಿಕೆಗಿಂತ ಸೂಜಿಯ ಮೇಲಿನ ಹಿಡಿತ ಮುಖ್ಯ

ಮನೆಬಳಕೆಯ ಕಂಪ್ಯೂಟರ್ ಹೊಲಿಗೆ ಯಂತ್ರಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಕಾಣುವುದು ಹೊಲಿಗೆಗಳ ಸಂಖ್ಯೆ. ನಾನು ಬಳಸುತ್ತಿರುವ ಯಂತ್ರದಲ್ಲಿಯೂ ಎಲೆ, ಹೂವು, ಅಲೆ, ನಕ್ಷತ್ರಗಳ ದೊಡ್ಡ ಸಾಲೇ ಇದೆ. ಆದರೆ ನಿತ್ಯದ ಕೆಲಸಕ್ಕೆ ಒದಗುವವು ನೇರ ಹೊಲಿಗೆ, ಜಿಗ್‌ಜ್ಯಾಗ್, ಹಿಗ್ಗುವ ಬಟ್ಟೆಗೆ ಬೇಕಾದ ಸ್ಟ್ರೆಚ್ ಹೊಲಿಗೆ, ಅಂಚಿನ ಎಳೆ ಬಿಚ್ಚಿಕೊಳ್ಳದಂತೆ ಹಿಡಿಯುವ ಓವರ್‌ಕಾಸ್ಟ್ ಮತ್ತು ಕಾಜ, ಇಷ್ಟೇ. ಈ ಬಗೆಯ ಯಂತ್ರಕ್ಕೆ ಹೆಚ್ಚು ಹಣ ತೆತ್ತದ್ದು ಸಾರ್ಥಕವೆನಿಸುವುದು ಅಲಂಕಾರದ ಹೊಲಿಗೆಗಳಿಂದಲ್ಲ. ಸೂಜಿ ಎಲ್ಲಿ ನಿಲ್ಲಬೇಕು, ಎಷ್ಟು ನಿಧಾನವಾಗಿ ಇಳಿಯಬೇಕು ಎಂಬುದು ಹೊಲಿಯುವವರ ಹತೋಟಿಗೆ ಬರುವುದರಿಂದ.

ಹಳೆಯ ಯಂತ್ರಗಳಲ್ಲಿ ಸೂಜಿಯನ್ನು ಎಡಬಲಕ್ಕೆ ಸರಿಸುತ್ತಿದ್ದುದು ಕ್ಯಾಮ್ ಎಂಬ ಉಬ್ಬುತಗ್ಗಿನ ಬಿಲ್ಲೆಗಳು. ಯಾವ ಆಕಾರದ ಬಿಲ್ಲೆ ಇದೆಯೋ ಆ ಹೊಲಿಗೆ ಮಾತ್ರ ಸಾಧ್ಯವಿತ್ತು. 1975ರಲ್ಲಿ ಸಿಂಗರ್ ಕಂಪನಿ ಅಥೀನಾ 2000 ಯಂತ್ರವನ್ನು ಹೊರತಂದಾಗ ಆ ಕೆಲಸ ಎಲೆಕ್ಟ್ರಾನಿಕ್ ಸ್ಮೃತಿಗೆ ಸೇರಿತು. ಇಂದಿನ ಯಂತ್ರಗಳಲ್ಲಿ ಸೂಜಿಯ ಅಡ್ಡ ಚಲನೆಗೂ ಬಟ್ಟೆಯನ್ನು ದೂಡುವ ಹಲ್ಲುಗಳ ಮುನ್ನಡೆಗೂ ಪ್ರತ್ಯೇಕ ಸ್ಟೆಪ್ಪರ್ ಮೋಟಾರುಗಳಿದ್ದು, ಯಂತ್ರದೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಿಂದ ಬರುವ ಸೂಚನೆಯಂತೆ ಅವು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗುತ್ತವೆ. ಹೊಲಿಗೆಯ ಅಗಲವನ್ನು ಸೊನ್ನೆಯಿಂದ 7 ಮಿಲಿಮೀಟರಿನವರೆಗೂ ಉದ್ದವನ್ನು ಸುಮಾರು 5 ಮಿಲಿಮೀಟರಿನವರೆಗೂ ಗುಂಡಿ ಒತ್ತಿ ಬದಲಿಸಬಹುದಾದದ್ದು ಇದರಿಂದಲೇ.

ಇದರ ಫಲ ಮೊದಲು ಕಾಣುವುದು ಮೂಲೆ ತಿರುಗಿಸುವಾಗ. ಕಾಲರಿನ ತುದಿಗೆ ಬಂದು ನಿಲ್ಲಿಸಿದರೆ ಸೂಜಿ ತಾನಾಗಿಯೇ ಬಟ್ಟೆಯೊಳಗೆ ಇಳಿದು ನಿಂತಿರುತ್ತದೆ; ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸ್ಸರ್ ಫೂಟ್ ಎತ್ತಿ ಬಟ್ಟೆಯನ್ನು ತಿರುಗಿಸಿ ಮುಂದುವರಿದರಾಯಿತು, ಕೈಚಕ್ರವನ್ನು ಹುಡುಕಬೇಕಿಲ್ಲ. ವೇಗದ ಮಿತಿಯನ್ನು ಸ್ಲೈಡರಿನಿಂದ ಮೊದಲೇ ನಿಗದಿ ಮಾಡಬಹುದು. ನಿಧಾನಗತಿಯಲ್ಲಿ ಸಾದಾ ಮೋಟಾರು ಗುಂಯ್‌ಗುಟ್ಟುತ್ತ ನಿಂತುಬಿಡುವ ಕಡೆ, ಇಲ್ಲಿ ಸೂಜಿ ಪೂರ್ತಿ ಬಲದೊಡನೆ ಒಂದೊಂದೇ ಹೊಲಿಗೆಯಾಗಿ ಇಳಿಯುತ್ತದೆ. ಪೆಡಲ್ ಇಲ್ಲದೆ ಗುಂಡಿ ಒತ್ತಿ ಹೊಲಿಯುವ ಸೌಲಭ್ಯವೂ ಅನೇಕ ಮಾದರಿಗಳಲ್ಲಿದೆ; ಕೆಲವುಗಳಲ್ಲಿ ಪೆಡಲಿನ ತಂತಿ ಸಿಕ್ಕಿಸಿರುವವರೆಗೆ ಆ ಗುಂಡಿ ಕೆಲಸ ಮಾಡುವುದಿಲ್ಲ ಎಂಬುದು ತಿಳಿಯದೆ ಯಂತ್ರವೇ ಕೆಟ್ಟಿದೆಯೆಂದು ಗಾಬರಿಯಾಗುವವರುಂಟು.

ಕಾಜ ಹಾಕುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಜದ ಫೂಟಿನ ಹಿಂಬದಿಯಲ್ಲಿರುವ ಹಿಡಿಕೆಯಲ್ಲಿ ಅಂಗಿಗೆ ಹಾಕಬೇಕಾದ ಗುಂಡಿಯನ್ನೇ ಇಟ್ಟರೆ ಅದರ ಅಳತೆಗೆ ಉದ್ದ ನಿಗದಿಯಾಗುತ್ತದೆ. ಪಕ್ಕದಲ್ಲಿರುವ ಸಣ್ಣ ಸನ್ನೆಯನ್ನು (ಲಿವರ್) ಕೆಳಕ್ಕೆ ಎಳೆದು ಹೊಲಿಗೆ ಆರಂಭಿಸಿದರೆ ಯಂತ್ರವು ತುದಿಗಳ ಬಿಗಿ ಹೊಲಿಗೆ ಮತ್ತು ಎರಡು ಬದಿಯ ಸಾಲುಗಳನ್ನು ತಾನೇ ಮುಗಿಸಿ ನಿಲ್ಲುತ್ತದೆ. ಸನ್ನೆ ಇಳಿಸುವುದನ್ನು ಮರೆತರೆ ಕೀಂ ಎಂದು ಎಚ್ಚರಿಸುತ್ತದೆ. ಒಂದೇ ಅಳತೆಯ ಕಾಜಗಳನ್ನು ಸಾಲಾಗಿ ಹಾಕುವಾಗ ಈ ಏಕರೂಪತೆಗೆ ಬೆಲೆ ಕಟ್ಟಲಾಗದು. ಆದರೂ ಅನೇಕ ಯಂತ್ರಗಳಲ್ಲಿ ಒಂದು ಸಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೊಲಿಯಲ್ಪಡುವುದರಿಂದ ತೆಳು ಬಟ್ಟೆಯಲ್ಲಿ ಒಂದು ಬದಿ ಒತ್ತಾಗಿಯೂ ಇನ್ನೊಂದು ಬದಿ ವಿರಳವಾಗಿಯೂ ಬರುವುದುಂಟು; ಒಳಗೆ ಬಟ್ಟೆಯನ್ನು ಬಿಗಿಗೊಳಿಸುವ ಕ್ಯಾನ್ವಾಸ್ ಅಂಟಿಸಿ, ಅದೇ ಬಟ್ಟೆಯ ತುಂಡಿನ ಮೇಲೆ ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು. ದಪ್ಪ ಮಡಿಕೆಯ ಪಕ್ಕದಲ್ಲಿ ಫೂಟ್ ಓರೆಯಾಗಿ ನಿಂತರೆ ಬಟ್ಟೆ ಸರಿಯದೆ ದಾರವೆಲ್ಲ ಒಂದೇ ಕಡೆ ಗುಪ್ಪೆಯಾಗುತ್ತದೆ, ಮತ್ತು ಆ ತೊಂದರೆಯನ್ನು ಚಿಪ್ ಗುರುತಿಸುವುದಿಲ್ಲ.

ಗುರುತಿಸದ ಸಂಗತಿಗಳು ಇನ್ನೂ ಇವೆ. ಮೇಲಿನ ದಾರ ಪೋಣಿಸುವಾಗ ಪ್ರೆಸ್ಸರ್ ಫೂಟ್ ಎತ್ತಿರಲೇಬೇಕು. ಇಲ್ಲವಾದರೆ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿದ್ದು ದಾರ ಅವುಗಳ ನಡುವೆ ಕೂರುವುದಿಲ್ಲ, ಬಟ್ಟೆಯ ಅಡಿಭಾಗದಲ್ಲಿ ದಾರದ ಗೂಡು ಕಟ್ಟುತ್ತದೆ. ಅಡಿಯಲ್ಲಿ ಕಂಡದ್ದರಿಂದ ಎಲ್ಲರೂ ಅಡಿದಾರದ ಉರುಳೆಯಾದ ಬಾಬಿನ್ನನ್ನು ಬೈಯುತ್ತಾರೆ, ತಪ್ಪು ಮಾತ್ರ ಮೇಲಿನ ದಾರದ್ದು. ಸೂಜಿಯ ಆಯ್ಕೆಯೂ ನಮ್ಮದೇ: ಸಾಮಾನ್ಯ ಹತ್ತಿ ಬಟ್ಟೆಗೆ 80/12 ಅಥವಾ 90/14 ಗಾತ್ರದ ಸೂಜಿ, ಡೆನಿಮ್‌ಗೆ 100/16, ಹೆಣೆದ ಬನಿಯನ್ ಬಟ್ಟೆಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ. ಹೊಲಿಗೆ ತಪ್ಪುತ್ತಿದ್ದರೆ ಪರದೆಯ ಸಂಖ್ಯೆಗಳನ್ನು ಬದಲಿಸುವ ಮೊದಲು ಸೂಜಿಯನ್ನು ಬದಲಿಸಿ ನೋಡುವುದು ಲೇಸು. ಸ್ವಯಂಚಾಲಿತವಾಗಿ ದಾರ ಪೋಣಿಸುವ ಕೊಕ್ಕೆ ಕಣ್ಣಿಗೆ ವರವೇ ಸರಿ, ಆದರೆ ತೀರ ಸಣ್ಣ ಸೂಜಿಗಳ ಕಣ್ಣಿನಲ್ಲಿ ಅದು ತೂರುವುದಿಲ್ಲ. ಬಲವಂತ ಮಾಡಿದರೆ ಕೊಕ್ಕೆಯೇ ಬಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆಯದು. ನಮಗೆ ಒಪ್ಪಿದ ಉದ್ದ, ಅಗಲಗಳನ್ನು ಹೊಂದಿಸಿಕೊಂಡು ಅರ್ಧ ಕೆಲಸ ಮಾಡಿರುವಾಗ ವಿದ್ಯುತ್ ಹೋದರೆ, ನನ್ನ ಯಂತ್ರವು ಮರಳಿ ಎಚ್ಚರವಾಗುವುದು ಕಾರ್ಖಾನೆಯ ಹೊಂದಿಕೆಯೊಂದಿಗೆ. ಆದ್ದರಿಂದ ಕೊಳ್ಳುವವರು ಹೊಲಿಗೆಗಳ ಸಂಖ್ಯೆಯನ್ನು ಕೇಳುವ ಬದಲು ಹೊಂದಿಕೆಗಳನ್ನು ಉಳಿಸಿಡುವ ಸ್ಮೃತಿ ಇದೆಯೇ ಎಂದು ಕೇಳುವುದು ಉತ್ತಮ. ದುರಸ್ತಿಯ ಪ್ರಶ್ನೆಯೂ ಸಣ್ಣದಲ್ಲ. ಹಳೆಯ ಲೋಹದ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಟ್ಟು ಸರಿಪಡಿಸಬಲ್ಲ ಮೆಕ್ಯಾನಿಕ್ ಇದರ ಸರ್ಕ್ಯೂಟ್ ಬೋರ್ಡನ್ನು ಮುಟ್ಟುವುದಿಲ್ಲ, ಬೋರ್ಡ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಕೆಲಸ ಮುಗಿದೊಡನೆ ಪ್ಲಗ್ಗನ್ನು ಕಿತ್ತಿಡುವುದು, ವೋಲ್ಟೇಜ್ ಏರಿಳಿತವಿರುವಲ್ಲಿ ಸರ್ಜ್ ಪ್ರೊಟೆಕ್ಟರ್ ಬಳಸುವುದು, ಬಾಬಿನ್ ಗೂಡಿನ ಸುತ್ತ ಸೇರುವ ಬಟ್ಟೆಯ ಧೂಳನ್ನು ಬ್ರಷ್ಷಿನಿಂದ ತೆಗೆಯುವುದು, ಕೈಪಿಡಿ ಹೇಳದ ಹೊರತು ಎಣ್ಣೆ ಬಿಡದಿರುವುದು, ಮನೆಯಲ್ಲಿ ನಾವು ಮಾಡಬಹುದಾದ ಆರೈಕೆ ಇಷ್ಟೇ.