ಥ್ರೆಡ್ ಚೇಸರ್ ಸೆಟ್: ಗೋಡೆ ತೊಳೆಯುತ್ತೆ, ತಳ ಮುಟ್ಟಲ್ಲ

ಐದಕ್ಕೆ ಮೂರೂವರೆ ಸ್ಟಾರ್ ಕೊಟ್ಟಿದ್ದೇನೆ. ಥ್ರೆಡ್ ಚೇಸರ್ ಅಂದರೆ ಬೋಲ್ಟ್ ಮತ್ತು ಅದರ ತೂತಿನ ಥ್ರೆಡ್‌ನಲ್ಲಿ, ಅಂದರೆ ತಿರುಪು ಗೆರೆಗಳಲ್ಲಿ, ಕೂತ ಕೊಳೆ ಕೆರೆಯುವ ಸಾಧನ. ಸೆಟ್ ಕೆಟ್ಟದ್ದು ಅಂತ ಅಲ್ಲ. ಡಬ್ಬಿಯ ಮೇಲೆ ಬೋಲ್ಟ್ ತೂತುಗಳನ್ನು ಪೂರ್ತಿ ಸ್ವಚ್ಛ ಮಾಡುತ್ತೆ ಅಂತ ಬರೆದಿದ್ದಾರಲ್ಲ, ಆ 'ಪೂರ್ತಿ' ಅನ್ನೋ ಮಾತಿಗೆ ಒಂದು ಸ್ಟಾರ್, ಅಳತೆಯ ಗುರುತು ಸರಿಯಿಲ್ಲದ್ದಕ್ಕೆ ಅರ್ಧ ಸ್ಟಾರ್ ಕಿತ್ತುಕೊಂಡೆ.

ನಾನು ತಗೊಂಡಿದ್ದು ಎಂ6ರಿಂದ ಎಂ14ರವರೆಗಿನ (6ರಿಂದ 14 ಮಿ.ಮೀ. ದಪ್ಪದ ಬೋಲ್ಟುಗಳ) ಮೆಟ್ರಿಕ್ ಸೆಟ್. ತೂತಿನ ಒಳಗಿನ ಥ್ರೆಡ್‌ಗೆ ಟ್ಯಾಪ್ (ತೂತಿನೊಳಗೆ ಹೊಸ ಥ್ರೆಡ್ ಕೊರೆಯುವ ಉಪಕರಣ) ಥರ ಕಾಣುವ ಕಡ್ಡಿಗಳಿವೆ. ಬೋಲ್ಟಿನ ಥ್ರೆಡ್‌ಗೆ ನಟ್ ಥರ ಕಾಣುವ ಬಿಲ್ಲೆಗಳಿವೆ. ಜೊತೆಗೆ ಒಂದು ಅರ. ಅರವನ್ನು ನಾನಿನ್ನೂ ಮುಟ್ಟಿಲ್ಲ, ಹಾಗಾಗಿ ಅದರ ಬಗ್ಗೆ ಏನೂ ಹೇಳಲ್ಲ.

ಕೆಲಸ ಬಂದಿದ್ದು ಅಪ್ಪನ ಹಳೇ ಕಾರಿನಿಂದ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಎರಕದ ಕಬ್ಬಿಣದ ಬ್ಲಾಕ್. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲು ಹಾಳೆ) ಹೋಗಿ ಆಯಿಲ್‌ಗೆ ನೀರು ಸೇರಿ ನೊರೆ ನೊರೆಯಾಗಿ ಬಿಳಿಚಿಕೊಂಡಿತ್ತು. ಹೆಡ್ ಎತ್ತಿದಾಗ ಬ್ಲಾಕಿನ ಮೇಲೆ ಹತ್ತು ಬೋಲ್ಟ್ ತೂತು, ಹತ್ತರಲ್ಲೂ ಕಪ್ಪು ರಾಡಿ. ಒಂದಿಷ್ಟು ತುಕ್ಕು, ಒಂದಿಷ್ಟು ಮಸಿ, ಗ್ಯಾಸ್ಕೆಟ್ ಕೆರೆದಾಗ ಬಿದ್ದ ಚೂರು, ಹೆಡ್ ಎತ್ತುವಾಗ ಸುರಿದ ಕೂಲಂಟ್ (ಎಂಜಿನ್ ತಂಪು ಮಾಡುವ ನೀರು). ನನ್ನ ತಮ್ಮ ಬಗ್ಗಿ ನೋಡಿ, "ಅಕ್ಕ, ಬೋಲ್ಟ್ ಹಾಕಿ ತಿರುಗಿಸಿದ್ರೆ ಅದೇ ದಾರಿ ಮಾಡ್ಕೊಂಡು ಹೋಗುತ್ತೆ ಬಿಡು" ಅಂದ. ಹೋಗುತ್ತೆ ನಿಜ. ತೊಂದರೆ ಇರೋದು ಅಲ್ಲೇ.

ಬೋಲ್ಟ್ ಬಿಗಿ ಮಾಡುವಾಗ ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ಬರೀ ತಿಕ್ಕಾಟಕ್ಕೆ ಹೋಗುತ್ತೆ. ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗೆ, ಉಳಿದದ್ದು ಥ್ರೆಡ್‌ನಲ್ಲಿ. ಹೆಡ್ಡನ್ನು ನಿಜವಾಗಿ ಒತ್ತಿ ಹಿಡಿಯೋದು ಮಿಕ್ಕ 10 ಪಾಲು ಅಷ್ಟೆ. ಥ್ರೆಡ್‌ನಲ್ಲಿ ಕೊಳೆ ಇದ್ದರೆ ತಿಕ್ಕಾಟ ಇನ್ನೂ ಸ್ವಲ್ಪ ನುಂಗುತ್ತೆ. ಹೇಳಿದಷ್ಟು ಬಿಗಿ ಮುಟ್ಟಿತು ಅಂತ ಟಾರ್ಕ್ ವ್ರೆಂಚ್ ಟಕ್ ಅನ್ನುತ್ತೆ, ನಾವು ಖುಷಿಯಾಗಿ ಮುಂದಿನ ಬೋಲ್ಟಿಗೆ ಹೋಗುತ್ತೇವೆ, ಹೆಡ್ ಮಾತ್ರ ಸಡಿಲವಾಗೇ ಕೂತಿರುತ್ತೆ. ಇನ್ನು ತಳ ಮುಚ್ಚಿದ ತೂತಿನಲ್ಲಿ ನೀರೋ ಆಯಿಲೋ ನಿಂತಿದ್ದರೆ ಕಥೆಯೇ ಬೇರೆ. ದ್ರವ ಕುಗ್ಗಲ್ಲ. ಬೋಲ್ಟ್ ಇಳಿದಂತೆ ಅದಕ್ಕೆ ಹೋಗೋಕೆ ಜಾಗ ಇರಲ್ಲ, ಬ್ಲಾಕೇ ಸೀಳು ಬಿಡಬಹುದು.

ಹಾಗಾದರೆ ಟ್ಯಾಪ್ ಹಾಕಿದರೆ ಆಗಲ್ವಾ? ಆ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಹಳೇ ಬೈಕಿನ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್‌ನಲ್ಲಿ ಎಂ6 ತೂತು ಜಾಮ್ ಆಗಿತ್ತು. ಟ್ಯಾಪ್ ಬಿಟ್ಟೆ. ಟ್ಯಾಪ್ ಇರೋದೇ ಕೊರೆಯೋಕೆ, ಅದಕ್ಕೆ ಕೊಳೆ ಯಾವುದು ಲೋಹ ಯಾವುದು ಅಂತ ಗೊತ್ತಾಗಲ್ಲ. ಸ್ವಲ್ಪ ಓರೆಯಾಗಿ ಹಿಡಿದಿದ್ದೆ ಅನ್ಸುತ್ತೆ, ಹಳೇ ಥ್ರೆಡ್ ಮೇಲೆ ಹೊಸದೊಂದು ಥ್ರೆಡ್ ಬಿತ್ತು. ಬೋಲ್ಟ್ ಹಾಕಿದರೆ ಲೊಡಲೊಡ. ಕೊನೆಗೆ ತೂತು ದೊಡ್ಡದು ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಕೂರಿಸಬೇಕಾಯಿತು. ಟ್ಯಾಪ್ ಒಳಗೇ ಮುರಿಯಲಿಲ್ಲ ಅನ್ನೋದೊಂದೇ ಪುಣ್ಯ. ಮುರಿದಿದ್ದರೆ ಆ ಗಟ್ಟಿ ಉಕ್ಕನ್ನು ಮಾಮೂಲಿ ಡ್ರಿಲ್ ಬಿಟ್ ಕೊರೆಯಲ್ಲ.

ಚೇಸರ್ ಕೊರೆಯಲ್ಲ. ಇರುವ ಥ್ರೆಡ್ ಹಿಡಿದುಕೊಂಡೇ ಹೋಗುತ್ತೆ, ಕೊಳೆ ಕೆರೆಯುತ್ತೆ, ಸ್ವಲ್ಪ ಬಾಗಿದ ಅಂಚನ್ನು ನೇರ ಮಾಡುತ್ತೆ. ಈ ಮಟ್ಟಿಗೆ ಈ ಸೆಟ್ ನನಗೆ ತುಂಬಾ ಇಷ್ಟವಾಯಿತು. ಮೊದಲು ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಆಯಿಲ್ ಮತ್ತು ನೀರಿನ ದಾರಿಗಳಿಗೆಲ್ಲ ಟೇಪ್ ಹೊಡೆದೆ. ತೂತುಗಳ ಪಕ್ಕ ಸೀಮೆಸುಣ್ಣದಲ್ಲಿ 1ರಿಂದ 10 ಬರೆದೆ. ಚೇಸರ್‌ಗೆ ಎರಡು ಹನಿ ಆಯಿಲ್ ಹಚ್ಚಿ ಮೊದಲ ಎರಡು ಮೂರು ಸುತ್ತು ಬರೀ ಬೆರಳಲ್ಲೇ ತಿರುಗಿಸಿದೆ. ಬೆರಳಲ್ಲಿ ಕಚ್ಚಲಿಲ್ಲ ಅಂದರೆ ಸ್ಪ್ಯಾನರ್ ಹಾಕಬಾರದು. ಆಮೇಲೆ ಸಣ್ಣ ರಾಚೆಟ್. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಒಳಗಿಂದ ಕರಕರ ಅಂತ ಸದ್ದು ಕೈಗೇ ಕೇಳಿಸುತ್ತೆ. ಹೊರಗೆ ತೆಗೆದರೆ ಚೇಸರ್‌ನ ಉದ್ದುದ್ದ ತೋಡುಗಳಲ್ಲಿ ಕಂದು ಬಣ್ಣದ ಗಟ್ಟಿ ಪೇಸ್ಟ್. ಒರೆಸಿ, ಮತ್ತೆ ಇಳಿಸಿ. ಮೂರನೇ ಸಲಕ್ಕೆ ಸದ್ದು ನಿಂತು, ಚೇಸರ್ ಬೆರಳಲ್ಲೇ ಜಾರಿಕೊಂಡು ಇಳಿಯಿತು. ಹತ್ತು ತೂತಿಗೆ ಹೆಚ್ಚೂ ಕಡಿಮೆ ಒಂದು ಮಧ್ಯಾಹ್ನ.

ಇಲ್ಲೊಂದು ಜಗಳ ಇದೆ ನನಗೆ ಈ ಸೆಟ್ ಮಾಡಿದವರ ಮೇಲೆ. ಎಂ10ರಲ್ಲಿ 1.25 ಪಿಚ್‌ನದೊಂದು, 1.5 ಪಿಚ್‌ನದೊಂದು ಕೊಟ್ಟಿದ್ದಾರೆ. ಪಿಚ್ ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ, ಮಿ.ಮೀ. ಲೆಕ್ಕದಲ್ಲಿ. ಎರಡೂ ನೋಡೋಕೆ ಅಣ್ಣತಮ್ಮಂದಿರು. ಗುರುತಿಗೆ ಅಂತ ಇರೋದು ಲೋಹದ ಮೇಲೆ ಕೂದಲಿನಷ್ಟು ತೆಳ್ಳಗಿನ ಅಕ್ಷರ, ಮತ್ತು ಡಬ್ಬಿಯ ಖಾನೆಯಲ್ಲಿ ಅಂಟಿಸಿದ ಚೀಟಿ. ಸೀಮೆಎಣ್ಣೆಯ ಕೈಯಲ್ಲಿ ಎರಡು ಸಲ ಮುಟ್ಟಿದ್ದೇ ತಡ, ಚೀಟಿ ಉದುರಿತು. ಆರನೇ ತೂತಿಗೆ 1.25ರ ಬದಲು 1.5ರದ್ದನ್ನು ಬಿಟ್ಟಿದ್ದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಿತು. ಕೊಳೆ ಜಾಸ್ತಿ ಇರಬೇಕು ಅಂದುಕೊಂಡು ರಾಚೆಟ್ ಎತ್ತಿಕೊಂಡವಳು, ಯಾಕೋ ಅನುಮಾನ ಬಂದು ಪಿಚ್ ಗೇಜ್ ಇಟ್ಟು ನೋಡಿದೆ. ಜೀವ ಬಾಯಿಗೆ ಬಂತು. ಒಂದೇ ಒಂದು ಸುತ್ತು ಜೋರಾಗಿ ತಿರುಗಿಸಿದ್ದರೂ ಬ್ಲಾಕಿನ ಥ್ರೆಡ್ ಹೋಗುತ್ತಿತ್ತು. ಸೆಟ್ ಬಂದ ದಿನವೇ ಪ್ರತಿ ಚೇಸರ್ ಮೇಲೂ ಪೇಂಟ್ ಪೆನ್ನಿಂದ ದೊಡ್ಡದಾಗಿ ಬರೆದುಕೊಳ್ಳಿ. ತಯಾರಕರು ಮಾಡಬೇಕಾದ ಕೆಲಸ, ಆದರೆ ಮಾಡಿಲ್ಲ.

ಈಗ ತಳದ ವಿಷಯ. ಹತ್ತೂ ತೂತಿನಲ್ಲಿ ಚೇಸರ್ ಸಲೀಸಾಗಿ ಓಡಾಡಿದ ಮೇಲೆ ಕೆಲಸ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ಸುಮ್ನೆ ಒಂದು ಚಟಕ್ಕೆ ವರ್ನಿಯರ್ ಕ್ಯಾಲಿಪರ್‌ನ ಹಿಂದಿನ ಕಡ್ಡಿ ಇಳಿಸಿ ಆಳ ಅಳೆದೆ. 62 ಮಿ.ಮೀ., 62, 61.5, 62. ಹೀಗೇ ಸಾಗಿ ಎಂಟನೆಯದು 54. ಮತ್ತೆ ಅಳೆದೆ. 54. ಕಡ್ಡಿ ಓರೆಯಾಯಿತೇನೋ ಅಂತ ಮೂರನೇ ಸಲ ಅಳೆದೆ, ಅದೇ.

ಬೋಲ್ಟನ್ನು ಬರೀ ಹೆಡ್‌ಗೆ ತೂರಿಸಿ ಕೆಳಗೆ ಎಷ್ಟು ಚಾಚುತ್ತೆ ಅಂತ ನೋಡಿದೆ. 57 ಮಿ.ಮೀ. ಗ್ಯಾಸ್ಕೆಟ್‌ನ ದಪ್ಪ ಒಂದು ಮಿ.ಮೀ. ಕಳೆಯಿರಿ, 56. ಅಂದರೆ ಮಿಕ್ಕ ಒಂಬತ್ತು ತೂತಿನಲ್ಲಿ ಬೋಲ್ಟಿನ ಕೆಳಗೆ ಐದಾರು ಮಿ.ಮೀ. ಜಾಗ ಉಳಿಯುತ್ತೆ. ಎಂಟನೆಯದರಲ್ಲಿ ಬೋಲ್ಟ್ ಹೆಡ್ಡನ್ನು ಒತ್ತುವ ಮೊದಲೇ ತಳ ಕುಟ್ಟುತ್ತೆ. ವ್ರೆಂಚ್ ಅದನ್ನೂ ಟಕ್ ಅಂತಲೇ ಹೇಳುತ್ತೆ, ಪಾಪ, ಅದಕ್ಕೇನು ಗೊತ್ತು. ಟಾರ್ಕ್ ಆದಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅನ್ನುವ ಎಂಜಿನ್ ಆಗಿದ್ದರೆ ಇನ್ನೂ ಕಷ್ಟ. ಬೋಲ್ಟ್ ಮುರಿಯಬೇಕು, ಇಲ್ಲ ಬ್ಲಾಕ್ ಬಿರಿಯಬೇಕು.

ಟಾರ್ಚ್ ಬಿಟ್ಟು ನೋಡಿದರೆ ತಳ ಕಪ್ಪಗೆ ನುಣ್ಣಗಿತ್ತು. ಕಬ್ಬಿಣದ ತಳ ಹಾಗಿರಲ್ಲ. ಮ್ಯಾಗ್ನೆಟ್ ಕಡ್ಡಿ ಇಳಿಸಿದೆ, ಒಂದೆರಡು ತುಕ್ಕಿನ ಹುಡಿ ಬಿಟ್ಟರೆ ಏನೂ ಬರಲಿಲ್ಲ. ಕಡ್ಡಿಯ ತುದಿಗೆ ಗ್ರೀಸ್ ಮೆತ್ತಿ ಒತ್ತಿ ಎತ್ತಿದೆ. ಗ್ಯಾಸ್ಕೆಟ್‌ನ ಎರಡು ಚೂರು ಅಂಟಿಕೊಂಡು ಬಂದವು, ತಳ ಮಾತ್ರ ಜಗ್ಗಲಿಲ್ಲ. ಸೂಜಿಯಿಂದ ಚುಚ್ಚಿದಾಗ ಅದು ಒಳಗೆ ಇಳಿದು ಮತ್ತೆ ಪುಟಿಯಿತು. ಆಗ ತಿಳಿಯಿತು, ಅದು ಸಿಲಿಕೋನ್ ಸೀಲೆಂಟ್. ಹಿಂದೆ ಯಾರೋ ಹೆಡ್ ಬಿಚ್ಚಿದ್ದವರು ಬೋಲ್ಟಿಗೆ ಧಾರಾಳವಾಗಿ ಸೀಲೆಂಟ್ ಬಳಿದಿದ್ದಾರೆ. ಬೋಲ್ಟ್ ತೂತು ಒಳಗಿನ ನೀರಿನ ದಾರಿಗೇ ತೆರೆದುಕೊಳ್ಳುವ ಎಂಜಿನ್‌ಗಳಲ್ಲಿ ಬೋಲ್ಟಿಗೆ ಸೀಲೆಂಟ್ ಬೇಕು, ಸರಿ. ಇದರಲ್ಲಿ ತೂತುಗಳ ತಳ ಮುಚ್ಚಿದೆ, ಯಾಕೆ ಬೇಕಿತ್ತು? ಹಿಂಡಿದ್ದೆಲ್ಲ ತಳಕ್ಕೆ ಹೋಗಿ ರಬ್ಬರ್ ಬಿರಡೆಯಾಗಿ ಕೂತಿದೆ. ನನ್ನ ಚೇಸರ್ ಏನು ಮಾಡಿತು? ಗೋಡೆಯಿಂದ ಕೆರೆದ ತುಕ್ಕನ್ನೆಲ್ಲ ಅದರ ತಲೆ ಮೇಲೆ ಸುರಿದು ಚೆನ್ನಾಗಿ ಒತ್ತಿತು.

ಚೇಸರ್‌ನ ತಪ್ಪು ಅಂತ ಹೇಳೋಕಾಗಲ್ಲ. ಅದರ ತೋಡುಗಳು ಕಿರಿದು, ಕೊಳೆ ಸ್ವಲ್ಪವೇ ಹಿಡಿಯುತ್ತೆ, ಉಳಿದದ್ದನ್ನು ಮುಂದಕ್ಕೆ ದೂಡುತ್ತೆ. ತುದಿಯ ಎರಡು ಮೂರು ಥ್ರೆಡ್ ಸವೆಸಿ ಚೂಪು ಮಾಡಿರುವುದರಿಂದ ತಳದ ಕೊನೆಯ ಮೂರ್ನಾಲ್ಕು ಮಿ.ಮೀ. ಅದಕ್ಕೆ ಸಿಗೋದೇ ಇಲ್ಲ. ಇದನ್ನು ಡಬ್ಬಿಯ ಮೇಲೆ ಒಂದು ಸಾಲು ಬರೆದಿದ್ದರೆ ನಾಲ್ಕೂವರೆ ಸ್ಟಾರ್ ಕೊಡುತ್ತಿದ್ದೆ.

ಆ ಬಿರಡೆ ತೆಗೆದದ್ದು ಒಂದು ಮರದ ಸ್ಕ್ರೂ. 5 ಮಿ.ಮೀ. ದಪ್ಪ, 100 ಮಿ.ಮೀ. ಉದ್ದ. ತೂತಿನ ಒಳಗಲ ಸುಮಾರು 8.8 ಮಿ.ಮೀ., ಹಾಗಾಗಿ ಥ್ರೆಡ್‌ಗೆ ತಾಗಲ್ಲ. ಆದರೂ ಹೆದರಿಕೆಗೆ ತುದಿ ಬಿಟ್ಟು ಮೇಲಿನ ಭಾಗಕ್ಕೆಲ್ಲ ಟೇಪ್ ಸುತ್ತಿದೆ. ನಿಧಾನವಾಗಿ ಕೈಯಲ್ಲೇ ತಿರುಗಿಸಿದೆ. ರಬ್ಬರ್‌ಗೆ ಕಚ್ಚಿದ್ದು ಗೊತ್ತಾಯಿತು. ನಾಲ್ಕು ಸುತ್ತು. ಆಮೇಲೆ ಇಕ್ಕಳದಲ್ಲಿ ತಲೆ ಹಿಡಿದು ನೇರವಾಗಿ ಎಳೆದೆ. ಮೊದಲ ಸಲ ಹರಿದು ಒಂದು ಚೂರು ಬಂತು. ಸ್ವಲ್ಪ ಪಕ್ಕಕ್ಕೆ ಮತ್ತೆ ಕಚ್ಚಿಸಿ ಎಳೆದಾಗ ಟುಪ್ ಅಂತ ಸದ್ದು ಮಾಡಿ ಇಡೀ ಬಿರಡೆ ಬಂತು. ಕಿರುಬೆರಳ ತುದಿಯಷ್ಟು ಇತ್ತು. ಸುತ್ತಲೂ ಥ್ರೆಡ್‌ನ ಅಚ್ಚು ಎಷ್ಟು ಸ್ಪಷ್ಟವಾಗಿ ಮೂಡಿತ್ತು ಅಂದರೆ ಪಿಚ್ ಗೇಜ್ ಇಟ್ಟು ನೋಡಬಹುದಿತ್ತು. ಇಟ್ಟೂ ನೋಡಿದೆ. 1.25. ಕೆಳಗೆ ಒಂದೆರಡು ಹನಿ ಕೂಲಂಟ್ ಬೇರೆ ಸಿಕ್ಕಿಕೊಂಡಿತ್ತು.

ಉಳಿದ ತೂತುಗಳ ತಳಕ್ಕೆ ಇಷ್ಟು ಸರ್ಕಸ್ ಬೇಕಾಗಲಿಲ್ಲ. ವ್ಯಾಕ್ಯೂಮ್ ಕ್ಲೀನರ್‌ನ ಪೈಪಿಗೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಸೇರಿಸಿ ಸುತ್ತ ಟೇಪ್ ಹೊಡೆದೆ. ಟ್ಯೂಬ್ 6 ಮಿ.ಮೀ. ಇರಲಿ, ಪಕ್ಕದಿಂದ ಗಾಳಿ ಇಳಿಯೋಕೆ ಜಾಗ ಬೇಕು. ನೈಲಾನ್ ಬ್ರಷ್ ಹಾಕಿ ಉಜ್ಜಿ, ಒಣ ಹುಡಿಯನ್ನೆಲ್ಲ ಮೊದಲೇ ಎಳೆದುಕೊಂಡೆ. ಬ್ರೇಕ್ ಕ್ಲೀನರ್ ಆಮೇಲೆ. ಸ್ಪ್ರೇ ಹೊಡೆದ ಮೇಲೆ ವ್ಯಾಕ್ಯೂಮ್ ಹತ್ತಿರವೂ ತರಬೇಡಿ, ಆ ಆವಿ ಬೆಂಕಿ ಹತ್ತುವಂಥದ್ದು, ಮೋಟರ್‌ನ ಕಿಡಿ ಸಾಕು. ಒಳಗೆ ನಿಂತ ದ್ರವವನ್ನು ಟ್ಯೂಬ್ ಸಿಕ್ಕಿಸಿದ ಸಿರಿಂಜ್‌ನಿಂದ ಎಳೆದು, ಕೊನೆಗೆ ಟಿಶ್ಯೂ ಕಾಗದವನ್ನು ಬತ್ತಿ ಥರ ಹೊಸೆದು ಇಳಿಸಿದೆ. ಬತ್ತಿ ಒಣಗಿ ಬರುವವರೆಗೆ.

ಏರ್ ಗನ್ ಉಪಯೋಗಿಸಿದ್ದು ತಮ್ಮ. ಬೇಡ ಅನ್ನುವಷ್ಟರಲ್ಲಿ ನೇರ ತೂತಿಗೇ ಇಟ್ಟು ಬಿಟ್ಟ. ಒಳಗಿದ್ದ ಕಪ್ಪು ನೀರೆಲ್ಲ ಅದೇ ದಾರಿಯಲ್ಲಿ ವಾಪಸ್ ಬಂದು ಅವನ ಹುಬ್ಬಿನವರೆಗೂ ಬಳಿಯಿತು. ಕನ್ನಡಕ ಹಾಕಿದ್ದ, ಅದೇ ಸಮಾಧಾನ. ಗಾಳಿ ಬಿಡಲೇಬೇಕು ಅಂದರೆ ತೂತಿನ ಮೇಲೆ ಬಟ್ಟೆ ಮುಚ್ಚಿ, ಅದರ ಕೆಳಗೆ ನಳಿಕೆ ತೂರಿಸಿ.

ಇನ್ನೊಂದು ಹೋಲಿಕೆ ಹೇಳದೆ ಹೋದರೆ ಸರಿಯಲ್ಲ. ಹಳೇ ಹೆಡ್ ಬೋಲ್ಟ್ ಒಂದರಿಂದ ನಾನೇ ಒಂದು ಚೇಸರ್ ಮಾಡಿಕೊಂಡೆ. ಹೊಸ ಬೋಲ್ಟ್ ಹಾಕೋದೇ ಇತ್ತು, ಹಳೆಯವು ಹೇಗಿದ್ದರೂ ಬಿಸಾಡೋ ಸಾಮಾನು. ಮೊದಲು ಅದಕ್ಕೊಂದು ನಟ್ ಏರಿಸಿ ಮೇಲಕ್ಕೆ ತಳ್ಳಿಟ್ಟೆ. ತುದಿಯಿಂದ ಮೇಲಕ್ಕೆ ಮೂರು ಕಡೆ ಉದ್ದಕ್ಕೆ ತೋಡು ಹೊಡೆದೆ. ಹೆಡ್ ಬೋಲ್ಟ್ ಗಟ್ಟಿ, ಹ್ಯಾಕ್‌ಸಾ ಬ್ಲೇಡ್ ಸುಮ್ನೆ ಜಾರುತ್ತೆ, ಗ್ರೈಂಡರ್‌ನ ತೆಳು ಡಿಸ್ಕೇ ಬೇಕು. ಆಮೇಲೆ ನಟ್ಟನ್ನು ತಿರುಗಿಸಿ ಹೊರಗೆ ತೆಗೆದರೆ ತೋಡಿನ ಅಂಚಿನ ಮುಳ್ಳೆಲ್ಲ ಅದೇ ಸರಿ ಮಾಡಿಕೊಂಡು ಬರುತ್ತೆ. ಈ ಮನೆ ಚೇಸರ್ ತಳದವರೆಗೂ ಹೋಯಿತು, ಸೆಟ್‌ನದ್ದು ಬಿಟ್ಟ ಕೊನೆಯ ಥ್ರೆಡ್‌ಗಳನ್ನೂ ಕೆರೆಯಿತು. ಪಿಚ್ ತಪ್ಪುವ ಭಯವೂ ಇಲ್ಲ, ಅದೇ ತೂತಿನ ಬೋಲ್ಟ್ ಅಲ್ವಾ?

ಹಾಗಿದ್ದರೆ ಸೆಟ್ ಯಾಕೆ ಅಂತ ಕೇಳಬಹುದು. ಹೆಡ್ ಬೋಲ್ಟ್ ಒಂದಕ್ಕೇ ಆದರೆ ಬೇಡ, ಗ್ರೈಂಡರ್ ಇದ್ದವರು ಒಂದು ಬೋಲ್ಟ್ ಸೀಳಿಕೊಳ್ಳಿ. ಆದರೆ ಎಂಜಿನ್ ಪೂರ್ತಿ ಬಿಚ್ಚಿದಾಗ ವಾಟರ್ ಪಂಪಿನ ಎಂ8, ಆಯಿಲ್ ಸಂಪಿನ ಎಂ6, ಮ್ಯಾನಿಫೋಲ್ಡ್ ಸ್ಟಡ್‌ಗಳು ಅಂತ ಹತ್ತಾರು ಅಳತೆ ಬರುತ್ತವೆ. ಪ್ರತಿಯೊಂದಕ್ಕೂ ಬೋಲ್ಟ್ ಸೀಳುತ್ತಾ ಕೂರೋಕಾಗಲ್ಲ. ಅಲ್ಲಿ ಈ ಸೆಟ್ ಉಪಯೋಗಕ್ಕೆ ಬಂತು. ಬಿಲ್ಲೆಗಳಂತೂ ಎಕ್ಸಾಸ್ಟ್ ಸ್ಟಡ್‌ಗಳ ತುಕ್ಕನ್ನು ಸಲೀಸಾಗಿ ಇಳಿಸಿದವು. ಇಷ್ಟು ಕೆಲಸ ಆದಮೇಲೂ ಒಂದು ಚೇಸರ್‌ನ ಹಲ್ಲೂ ಮುಕ್ಕಾಗಿಲ್ಲ.

ಹೆಡ್ ಕೂರಿಸುವ ಮೊದಲು ಹತ್ತೂ ತೂತಿನ ಆಳ ಇನ್ನೊಮ್ಮೆ ಅಳೆದೆ. ಎಂಟನೆಯದು 62. ತಮ್ಮ ಆ ರಬ್ಬರ್ ಬಿರಡೆಯನ್ನು ಚೀಟಿ ಉದುರಿದ ಎಂ10×1.25 ಖಾನೆಯಲ್ಲಿ ಇಟ್ಟಿದ್ದಾನೆ. "ಗುರುತಿಗಿರಲಿ ಅಕ್ಕ" ಅಂದ.