ಸವೆದ ಮೆಟ್ಟಿಲು ಗೆದ್ದಿತು, ಬಂಗಾರದ ಕಮಲ ಸೋತಿತು

ಊರೂರು ಸುತ್ತಿ, ಅಧ್ಯಾತ್ಮ ಹಚ್ಚಿಕೊಂಡು ಬಂದ ಕಲಾವಿದರ ಕೆಲಸ ಅಂದರೆ ನನಗೆ ಸ್ವಲ್ಪ ಭಯ. ಒಂದು ಓಂ, ಒಂದು ಕಮಲ, ಹಿಂದೆ ಬೆಟ್ಟದ ಸಾಲು, ಮುಗೀತು. ಅಂಥದೇ ಒಬ್ಬ ಪ್ರಿಂಟ್‌ಮೇಕರ್, ಅಂದರೆ ಅಚ್ಚೊತ್ತಿ ಚಿತ್ರ ಮಾಡುವ ಕಲಾವಿದರ, ಎಂಟು ಚಿತ್ರಗಳ ಸೆಟ್ ತರಿಸುವಾಗಲೂ ಅದೇ ಅನುಮಾನ ಇತ್ತು. ಎರಡರಲ್ಲಿ ಅದು ನಿಜವೇ ಆಯ್ತು.

ಆದರೆ ಮೂರನೆಯದು ನೋಡಿ. ದೂರದಿಂದ ಸುಮ್ನೆ ಬೂದು ಪಟ್ಟೆ. ಹತ್ತಿರ ಹೋದರೆ ಕಲ್ಲಿನ ಮೆಟ್ಟಿಲು, ಜನ ತುಳಿದು ತುಳಿದು ನಡುವೆ ತಗ್ಗಾಗಿದೆ. ಅದರ ಮೇಲೆ ತೆಳು ಕಾಗದ ಹಾಸಿ, ಮೇಣದ ಕಡ್ಡಿಯಿಂದ ಉಜ್ಜಿ ಗುರುತು ತೆಗೆದುಕೊಂಡು ಬಂದು, ಆಮೇಲೆ ರಟ್ಟಿಗೆ ಅಂಟು, ಮರಳು ಹಚ್ಚಿ ಅದನ್ನೇ ಪ್ಲೇಟ್ (ಮಸಿ ಹಚ್ಚಿ ಒತ್ತುವ ಅಚ್ಚು) ಮಾಡಿದ್ದಾರೆ. ಇದಕ್ಕೆ ಕೊಲಾಗ್ರಾಫ್ ಅನ್ನುತ್ತಾರೆ. ಒದ್ದೆ ಮಾಡಿದ ದಪ್ಪ ಕಾಗದ ಪ್ರೆಸ್ಸಿನ ಒತ್ತಡಕ್ಕೆ ಪ್ಲೇಟಿನ ಏರುತಗ್ಗಿಗೆಲ್ಲ ಇಳಿಯುತ್ತದೆ, ಹಾಗಾಗಿ ಬೆರಳಾಡಿಸಿದರೆ (ಆಡಿಸಬಾರದು, ನಾನು ಆಡಿಸಿದೆ) ಕಲ್ಲು ಮುಟ್ಟಿದ ಹಾಗೇ ಇದೆ. ದೇವರ ಚಿತ್ರ ಹುಡುಕಿದರೂ ಸಿಗುವುದಿಲ್ಲ, ಆದರೂ ಅದರ ಮುಂದೆ ದನಿ ತಾನೇ ತಗ್ಗುತ್ತದೆ.

ಐದನೆಯದು ಇನ್ನೂ ಇಷ್ಟ. ಟಿಬೆಟ್ಟಿನ ಪ್ರಾರ್ಥನಾ ಬಾವುಟಗಳಿವೆಯಲ್ಲ, ಅವನ್ನೂ ಮರದ ಅಚ್ಚಿನಿಂದಲೇ ಒತ್ತುತ್ತಿದ್ದರು. ಗಾಳಿಗೆ, ಬಿಸಿಲಿಗೆ ಅವು ಮಾಸಿಹೋಗಬೇಕು. ಇವರು ಅಚ್ಚಿಗೆ ಒಮ್ಮೆ ಮಾತ್ರ ಮಸಿ ಹಚ್ಚಿ, ಮತ್ತೆ ಹಚ್ಚದೆ ಒಂದರ ಪಕ್ಕ ಒಂದು ಏಳು ಸಲ ಒತ್ತಿದ್ದಾರೆ. ಮೊದಲನೆಯದು ಕಡುಗಪ್ಪು. ಏಳನೆಯದು ಇದೆಯೋ ಇಲ್ಲವೋ. ನಾನೋ, ಬಣ್ಣ ಹೋದೀತು ಅಂತ ಅದನ್ನು ಬಿಸಿಲು ಬೀಳದ ಗೋಡೆಗೆ ಹಾಕಿದ್ದೇನೆ!

ಬಣ್ಣದ ಎರಡು ನದಿಚಿತ್ರಗಳು ವಿಸ್ಕಾಸಿಟಿ (ಮಸಿಯ ಮಂದತನ) ವಿಧಾನದವು, 1950ರ ದಶಕದಲ್ಲಿ ಪ್ಯಾರಿಸ್ಸಿನ ಅಟೆಲಿಯೆ 17 ಎಂಬ ಅಚ್ಚುಚಿತ್ರ ಸ್ಟುಡಿಯೋದಲ್ಲಿ ಹೇಟರ್, ಕೃಷ್ಣ ರೆಡ್ಡಿ, ಕೈಕೋ ಮೋತಿ ಎಂಬ ಕಲಾವಿದರು ಬೆಳೆಸಿದ್ದು. ಎಣ್ಣೆ ಜಾಸ್ತಿ ಇರುವ ತೆಳು ಮಸಿ ಗಟ್ಟಿ ರೋಲರ್‌ನಿಂದ ಪ್ಲೇಟಿನ ಎತ್ತರದ ಭಾಗಕ್ಕೆ, ಮಂದ ಮಸಿ ಮೆತ್ತನೆ ರೋಲರ್‌ನಿಂದ ತಗ್ಗಿಗೆ. ಎರಡೂ ಬೆರೆಯುವುದಿಲ್ಲ. ಒಂದೇ ಪ್ಲೇಟು, ಒಂದೇ ಸಲದ ಒತ್ತು, ಹಲವು ಬಣ್ಣ. ನೀರಿನ ಅಂಚಿನಲ್ಲಿ ನೀಲಿ ಮುಗಿದು ಕಿತ್ತಳೆ ಶುರುವಾಗುವ ಜಾಗ ನೋಡಿ, ಕುಂಚದಿಂದ ಅದು ಆಗದು.

ಕೊನೆಯ ಎರಡರಲ್ಲಿ ಬಂಗಾರದ ಹಾಳೆ ಅಂಟಿಸಿದ ಕಮಲ. ಅಷ್ಟು ನಡೆದು ಬಂದವರಿಗೆ ಇದು ಬೇಕಿತ್ತಾ? ಶುಭಾಶಯ ಪತ್ರದ ಹಾಗಿದೆ.

ಪ್ಯಾಕಿಂಗ್ ಬಗ್ಗೆ ಒಂದು ದೂರು ಇದೆ. ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಿದ್ದರು, 4/12 (ಹನ್ನೆರಡರಲ್ಲಿ ನಾಲ್ಕನೇ ಪ್ರತಿ) ಅಂತ ಪೆನ್ಸಿಲ್‌ನಲ್ಲಿ ಬರೆದ ಮೂಲೆ ಮಡಚಿಹೋಗಿತ್ತು. ಇರುವುದೇ 12 ಪ್ರತಿ, ಬದಲಿ ಕೇಳೋಕೂ ಮುಜುಗರ. ನೀವು ತರಿಸುವುದಾದರೆ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಕಳಿಸಿ ಅಂತ ಮೊದಲೇ ಹೇಳಿಬಿಡಿ.