ಕೆಲಿಡೋಸ್ಕೋಪ್ ಕನ್ನಡಕ: ಗಾಜು ಮೆಚ್ಚುವಂಥದ್ದು, ಫ್ರೇಮ್ ಅಲ್ಲ

ಗಾಜನ್ನು ಹಲವು ಮುಖಗಳಾಗಿ ಕೊರೆದು ತಯಾರಿಸಿದ, ಆನ್‌ಲೈನ್ ಅಂಗಡಿಗಳಲ್ಲಿ ‘ಕೆಲಿಡೋಸ್ಕೋಪ್ ಕನ್ನಡಕ’ ಎಂಬ ಹೆಸರಿನಲ್ಲಿ ಸಿಗುವ ಕನ್ನಡಕವೊಂದನ್ನು ತರಿಸಿ ಕೆಲವು ಕಾಲ ಬಳಸಿದ್ದೇನೆ. ಮಾರಾಟಗಾರರು ಇದನ್ನು ಧರಿಸುವ ಕಲಾಕೃತಿ ಎಂದು ಕರೆದಿರುವುದರಿಂದ, ಆಟಿಕೆಗೆ ತೋರುವ ರಿಯಾಯಿತಿಯನ್ನು ಇದಕ್ಕೆ ತೋರಬೇಕಾಗಿಲ್ಲ.

ಗಾಜಿನ ಬಗ್ಗೆ ದೂರಿಲ್ಲ. ನಡುವಿನ ಮುಖವು ಎದುರಿನ ದೃಶ್ಯವನ್ನು ಹೆಚ್ಚುಕಡಿಮೆ ಇದ್ದಂತೆಯೇ ತೋರಿಸಿದರೆ, ಸುತ್ತಲಿನ ಓರೆ ಮುಖಗಳು ಪ್ರಿಸಂಗಳಾಗಿ ಕೆಲಸ ಮಾಡಿ, ಬೆಳಕನ್ನು ಬೇರೆಬೇರೆ ಕೋನಗಳಲ್ಲಿ ಬಾಗಿಸಿ, ಅದೇ ದೃಶ್ಯದ ಪ್ರತಿಗಳನ್ನು ಸುತ್ತಲೂ ಹರಡುತ್ತವೆ. ಗಾಜು ಕೆಂಪು ಬೆಳಕಿಗಿಂತ ನೇರಳೆಯನ್ನು ಹೆಚ್ಚು ಬಾಗಿಸುವುದರಿಂದ ಪ್ರತಿಗಳ ಅಂಚಿನಲ್ಲಿ ಬಣ್ಣದ ತೆಳುಗೆರೆಗಳು ಮೂಡುತ್ತವೆ. ಹಗಲಿನಲ್ಲಿ ಬಿಳಿಗೋಡೆಯ ಮುಂದೆ ಇದರ ಗುಣ ತಿಳಿಯದು. ಕತ್ತಲೆಯೂ ಬಿಡಿಬಿಡಿ ದೀಪಗಳೂ ಬೇಕು. ಮೈಸೂರು ಅರಮನೆಯ ಭಾನುವಾರದ ದೀಪಾಲಂಕಾರವನ್ನು, ಸುಮಾರು ಒಂದು ಲಕ್ಷ ಬಲ್ಬುಗಳ ಆ ಸಾಲುಗಳನ್ನು, ಇದರ ಮೂಲಕ ನೋಡಿದಾಗ ಕಮಾನು, ಗೋಪುರಗಳ ಆಕಾರವೆಲ್ಲ ಕಳಚಿಕೊಂಡು ರಂಗೋಲಿಯ ಚುಕ್ಕಿಗಳಷ್ಟೇ ಉಳಿದಂತಾಯಿತು. ಕೊಟ್ಟ ಹಣಕ್ಕೆ ಆ ಒಂದು ಸಂಜೆ ಸಾಕೆನ್ನುವವರೂ ಇರಬಹುದು.

ತೊಂದರೆಯಿರುವುದು ಫ್ರೇಮಿನಲ್ಲಿ. ಗಾಜು ಸಣ್ಣದಾಗಿದ್ದು, ಕೆನ್ನೆಗೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಅಲ್ಲಿಂದ ಎಂದಿನ ನೆಲ, ಎಂದಿನ ಗೋಡೆ ಕಾಣುತ್ತಲೇ ಇರುವುದರಿಂದ ಕಣ್ಣು ಅವುಗಳ ಆಸರೆ ಹಿಡಿದು, ಎದುರಿನ ಒಡೆದ ನೋಟವನ್ನು ಯಾವುದೋ ಚಿತ್ರವೆಂಬಂತೆ ದೂರವಿಡುತ್ತದೆ. 1890ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್ ಲೋಕವನ್ನು ತಲೆಕೆಳಗಾಗಿ ತೋರಿಸುವ ಮಸೂರಗಳನ್ನು ಒಂದು ಕಣ್ಣಿಗೆ ಕಟ್ಟಿಕೊಂಡಾಗ, ಇನ್ನೊಂದು ಕಣ್ಣನ್ನು ಮುಚ್ಚಿದ್ದಲ್ಲದೆ ಬದಿಯಿಂದ ಬೆಳಕು ನುಸುಳದಂತೆಯೂ ನೋಡಿಕೊಂಡಿದ್ದರು. ದಿನಗಳು ಕಳೆದಂತೆ ಅವರ ಕೈಕಾಲುಗಳು ಆ ನೋಟಕ್ಕೆ ಹೊಂದಿಕೊಳ್ಳತೊಡಗಿದವು. ತಪ್ಪಿಸಿಕೊಳ್ಳುವ ದಾರಿ ಇಲ್ಲದಿದ್ದಾಗ ಅಂಥ ಹೊಂದಾಣಿಕೆ ಸುಲಭವಾಗುತ್ತದೆ ಎನಿಸುತ್ತದೆ.

ಕಲಾವಿದರು ಇದನ್ನು ಎಂದೋ ಅರಿತಿದ್ದರು. 1968ರಲ್ಲಿ ವಿಯೆನ್ನಾದ ಹೌಸ್-ರುಕರ್-ಕೋ ಬಳಗ ರೂಪಿಸಿದ ‘ನೊಣದ ತಲೆ’ಯು ಇಡೀ ತಲೆಯನ್ನೇ ಒಳಗೊಳ್ಳುವ ಹೆಲ್ಮೆಟ್ ಆಗಿತ್ತು. ಅದೇ ವರ್ಷ ಬ್ರೆಜಿಲಿನ ಲೀಜಿಯಾ ಕ್ಲಾರ್ಕ್ ಎರಡು ಕನ್ನಡಕಗಳನ್ನು ಒಂದಕ್ಕೊಂದು ಜೋಡಿಸಿ, ಕನ್ನಡಿಗಳನ್ನು ಅಳವಡಿಸಿ, ಧರಿಸಿದ ಇಬ್ಬರ ನೋಟವೂ ಪರಸ್ಪರರ ಕಣ್ಣಿಗೆ ಸೀಮಿತವಾಗುವಂತೆ ಮಾಡಿದರು. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಕ್ಲಾರ್ಕ್ ಅವರ ವಿನ್ಯಾಸವೇ, ಏಕೆಂದರೆ ಯಾವುದನ್ನು ಮರೆಮಾಡಬೇಕು, ಯಾವುದನ್ನು ಉಳಿಸಬೇಕು ಎಂಬ ನಿರ್ಧಾರ ಅದರಲ್ಲಿದೆ. ನಾನು ಕೊಂಡ ಕನ್ನಡಕಕ್ಕೆ ಕಂಡದ್ದನ್ನೆಲ್ಲ ಸಮನಾಗಿ ಒಡೆಯುವುದಷ್ಟೇ ಗೊತ್ತು.

ಫ್ರೇಮಿನ ಸುತ್ತ ಕಪ್ಪು ಫೋಮ್ ಪಟ್ಟಿ ಅಂಟಿಸಿದ ಮೇಲೆ ಪರಿಣಾಮ ಗಮನಾರ್ಹವಾಗಿ ಗಾಢವಾಯಿತು, ಆದರೆ ಗಾಳಿಯಾಡದೆ ಗಾಜು ಬೇಗನೆ ಮಂಜಾಗುತ್ತದೆ. ಗಾಜು ಭಾರವಾಗಿರುವುದರಿಂದ ಮೂಗಿನ ಮೇಲೆ ಅಚ್ಚು ಉಳಿಯುತ್ತದೆ. ದೃಷ್ಟಿದೋಷಕ್ಕೆ ಕನ್ನಡಕ ಹಾಕುವವರು ಅದರ ಮೇಲೆ ಇದನ್ನು ಕೂರಿಸಲಾರರು. ಇದನ್ನು ಹಾಕಿಕೊಂಡು ಮೆಟ್ಟಿಲು ಇಳಿಯುವುದಾಗಲಿ ರಸ್ತೆ ದಾಟುವುದಾಗಲಿ ಸಲ್ಲದು. ಪೆಟ್ಟಿಗೆಯ ಮೇಲೆ ಈ ಎಚ್ಚರಿಕೆ ಇಲ್ಲದಿರುವುದು ಸಣ್ಣ ಲೋಪವಲ್ಲ. ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಚಿತ್ರ ತೆಗೆಯುವ ಆಸಕ್ತಿಯಿರುವವರು ಧಾರಾಳವಾಗಿ ಕೊಳ್ಳಬಹುದು. ಧರಿಸಲೆಂದೇ ಕೊಳ್ಳುವವರು ಬದಿಗಳನ್ನು ಮುಚ್ಚಿದ ಗಾಗಲ್ ಮಾದರಿಯನ್ನು ಹುಡುಕುವುದು ಮೇಲು.